ಬಣ್ಣದ ಪರೀಕ್ಷೆ ಕಾಟಾಚಾರವಲ್ಲ: ಆಕ್ಷೇಪಗಳಿಗೆ ಒಂದು ಪ್ರತ್ಯುತ್ತರ

ಶಿರಾ ತಾಲ್ಲೂಕಿನ ಗೌಡಗೆರೆ ಹೋಬಳಿಯಿರಲಿ, ಮಧುಗಿರಿಯ ಮಿಡಿಗೇಶಿ ಸೀಮೆಯಿರಲಿ, ಕೊರಟಗೆರೆಯ ಹೊಳವನಹಳ್ಳಿಯಿರಲಿ, ಪಾವಗಡದ ನಾಗಲಮಡಿಕೆಯಿರಲಿ, ಕುಡಿಯುವ ನೀರಿನ ಮಾತು ಬಂದಾಗ ಒಂದು ವಾದ ತಪ್ಪದೆ ಏಳುತ್ತದೆ. “ಕಿಟ್ಟಿನಿಂದ ನಾಲ್ಕು ಹನಿ ಹಾಕಿ ಬಣ್ಣ ನೋಡಿದರೆ ಏನು ಗೊತ್ತಾಗುತ್ತೆ? ಎಲ್ಲ ಕಾಟಾಚಾರ. ಬೆಂಗಳೂರಿನ ದೊಡ್ಡ ಲ್ಯಾಬಿಗೆ ಕಳಿಸಬೇಕು, ಇಲ್ಲದಿದ್ದರೆ ಸುಮ್ಮನಿರಬೇಕು.” ಪಂಚಾಯಿತಿ ಸಭೆಯಲ್ಲಿ ಇದನ್ನು ಹೇಳುವವರು ಇದ್ದಾರೆ, ಕಾಲೇಜಿನ ಸ್ಟಾಫ್ ರೂಮಿನಲ್ಲಿ ಹೇಳುವವರೂ ಇದ್ದಾರೆ. ವಿಜ್ಞಾನ ಓದಿದವರೇ ಹೀಗೆ ಹೇಳಿದಾಗ ಉಳಿದವರು ತಲೆದೂಗುತ್ತಾರೆ. ಕಿಟ್ಟು ಬೀರುವಿನೊಳಗೆ ಉಳಿಯುತ್ತದೆ, ನೀರು ಬಿಂದಿಗೆಗೆ ಹೋಗುತ್ತದೆ.

2019ರ ಆಗಸ್ಟ್ 15ರಂದು ಘೋಷಣೆಯಾದ ಜಲ ಜೀವನ್ ಮಿಷನ್, ನಮ್ಮ ರಾಜ್ಯದಲ್ಲಿ ‘ಮನೆಮನೆಗೆ ಗಂಗೆ’ ಎಂದು ಹೆಸರಾಯಿತು. ಪ್ರತಿ ಹಳ್ಳಿಯಲ್ಲೂ ಐವರಿಗೆ, ಆದಷ್ಟೂ ಹೆಣ್ಣುಮಕ್ಕಳಿಗೇ, ಈ ಕಿಟ್ಟಿನ ಬಳಕೆ ಕಲಿಸಬೇಕು ಎಂಬುದು ಆ ಯೋಜನೆಯ ಮಾತು. ಕಿಟ್ಟಿನೊಳಗೆ ಇರುವುದು ಬಣ್ಣದ ರಸಾಯನಶಾಸ್ತ್ರ. ನೀರಿನಲ್ಲಿರುವ ಕಬ್ಬಿಣ ಒಂದು ಬಣ್ಣ ಬರಿಸುತ್ತದೆ, ಫ್ಲೋರೈಡ್ ಮತ್ತೊಂದು ಬಣ್ಣವನ್ನು ಮಾಸಿಸುತ್ತದೆ. ಎಷ್ಟು ಬಂತು, ಎಷ್ಟು ಮಾಸಿತು ಎಂಬುದೇ ಅಳತೆ. ನಮ್ಮ ನಾಲ್ಕು ತಾಲ್ಲೂಕುಗಳ ನೀರಿನಲ್ಲಿ ಮುಖ್ಯವಾಗಿ ಕೇಳಬೇಕಾದ ಪ್ರಶ್ನೆಗಳಲ್ಲಿ ಇವೆರಡೂ ಇವೆ.

ನಾನು ಹೇಳಹೊರಟಿರುವುದು ಇಷ್ಟೇ: ಬಣ್ಣ ನೋಡಿ ಅಳೆಯುವುದು ಅಂದಾಜಲ್ಲ, ಹೋಲಿಕೆ. ಪ್ರಮಾಣ ಗೊತ್ತಿರುವ ದ್ರಾವಣವನ್ನು ಪಕ್ಕದಲ್ಲಿಟ್ಟು ಹೋಲಿಸಿದರೆ ಕಣ್ಣನ್ನೂ ನಂಬಬಹುದು. ಹಾಗೆ ಹೋಲಿಸದಿದ್ದರೆ ಲಕ್ಷಗಟ್ಟಲೆ ಬೆಲೆಯ ಯಂತ್ರವನ್ನೂ ನಂಬಲಾಗದು. ಈಗ ಆಕ್ಷೇಪಗಳನ್ನು ಒಂದೊಂದಾಗಿ ನೋಡೋಣ.

ಆಕ್ಷೇಪ 1: “ಬಣ್ಣ ಒಬ್ಬೊಬ್ಬರ ಕಣ್ಣಿಗೆ ಒಂದೊಂದು ಥರ. ಇದು ಬರೀ ಕಣ್ಣಂದಾಜು.”

ಒಂದೇ ಒಂದು ನಳಿಕೆಯನ್ನು ಕೈಯಲ್ಲಿ ಹಿಡಿದು ‘ಇದು ತಿಳಿಗೆಂಪೋ ಕಡುಗೆಂಪೋ’ ಎಂದು ಕೇಳಿದರೆ ಈ ಆಕ್ಷೇಪ ಪೂರ್ತಿ ಸರಿ. ಆದರೆ ಪರೀಕ್ಷೆ ನಡೆಯುವುದು ಹಾಗಲ್ಲ. ಅಕ್ಕಸಾಲಿಗ ಒರೆಗಲ್ಲಿನ ಮೇಲೆ ಒಡವೆಯನ್ನು ಒಂದು ಗೆರೆ ಎಳೆದು, ಪಕ್ಕದಲ್ಲೇ ಶುದ್ಧತೆ ಗೊತ್ತಿರುವ ಚಿನ್ನದ ಗೆರೆಯನ್ನೂ ಎಳೆದು ಎರಡನ್ನೂ ಒಟ್ಟಿಗೆ ನೋಡುತ್ತಾನೆ. ಇಲ್ಲಿಯ ಕ್ರಮವೂ ಅದೇ.

ಯಾವ ಪದವಿಪೂರ್ವ ಕಾಲೇಜಿನ ಪ್ರಯೋಗಾಲಯದಲ್ಲಾದರೂ ಇದನ್ನು ಮಾಡಿ ತೋರಿಸಬಹುದು. ದ್ವಿತೀಯ ಪಿಯು ಮಕ್ಕಳು ಪರ್ಮಾಂಗನೇಟ್ ಟೈಟ್ರೇಷನ್‌ಗೆ ಬಳಸುವ ಮೋರ್ ಸಾಲ್ಟ್, ಅಂದರೆ ಫೆರಸ್ ಅಮೋನಿಯಂ ಸಲ್ಫೇಟ್, ಎಲ್ಲ ಕಡೆ ಇರುತ್ತದೆ. ಅದನ್ನು 0.702 ಗ್ರಾಂ ತೂಗಿ, ಸ್ವಲ್ಪ ಆಮ್ಲ ಸೇರಿಸಿದ ಭಟ್ಟಿ ಇಳಿಸಿದ ನೀರಿನಲ್ಲಿ ಕರಗಿಸಿ ಒಂದು ಲೀಟರ್ ಮಾಡಿದರೆ ಅದರಲ್ಲಿ ಸರಿಯಾಗಿ 100 ಮಿಲಿಗ್ರಾಂ ಕಬ್ಬಿಣ ಇರುತ್ತದೆ. ಅದರಿಂದ ಒಂದು ಮಿಲಿಲೀಟರ್ ತೆಗೆದು ನೂರು ಮಿಲಿಲೀಟರಿಗೆ ತುಂಬಿಸಿದರೆ ಲೀಟರಿಗೆ 1 ಮಿಲಿಗ್ರಾಂ ಕಬ್ಬಿಣದ ದ್ರಾವಣ ಸಿದ್ಧ. ಇದೇ ಲೆಕ್ಕದಲ್ಲಿ 0.3, 0.5, 2 ಮಿಲಿಗ್ರಾಂನವೂ ಆಗುತ್ತವೆ. ಇವನ್ನು ಒಂದೇ ಅಳತೆಯ, ಚಪ್ಪಟೆ ತಳದ ನೆಸ್ಲರ್ ನಳಿಕೆಗಳಲ್ಲಿ ಸಾಲಾಗಿ ಇಡಬೇಕು. ಒಂದರಲ್ಲಿ ಕಬ್ಬಿಣವೇ ಇಲ್ಲದ ನೀರು, ಕೊನೆಯದರಲ್ಲಿ ನಮ್ಮ ಬೋರ್‌ವೆಲ್ ನೀರು.

ಎಲ್ಲಕ್ಕೂ ಒಂದೇ ಪ್ರಮಾಣದಲ್ಲಿ ಆಮ್ಲ, ತಿಳಿ ಗುಲಾಬಿ ಉಳಿಯುವವರೆಗೆ ಪರ್ಮಾಂಗನೇಟ್ ಹನಿ, ಆಮೇಲೆ ಥಯೊಸಯನೇಟ್ ದ್ರಾವಣ. ಕಬ್ಬಿಣವಿರುವ ನಳಿಕೆಗಳು ತೆಳು ಕಿತ್ತಳೆಯಿಂದ ರಕ್ತಗೆಂಪಿನವರೆಗೆ ಏರುತ್ತ ಹೋಗುತ್ತವೆ. ಕೆಳಗೆ ಬಿಳಿ ಕಾಗದವಿಟ್ಟು ಪಕ್ಕದಿಂದ ನೋಡದೆ ಮೇಲಿನಿಂದ ಇಣುಕಿ ನೋಡಬೇಕು. ಆಗ ನಳಿಕೆಯ ಇಡೀ ಎತ್ತರದ ಬಣ್ಣ ಕಣ್ಣಿಗೆ ಸಿಗುತ್ತದೆ, ಪಕ್ಕದಿಂದ ಕಾಣದ ವ್ಯತ್ಯಾಸವೂ ಕಾಣುತ್ತದೆ. ಥಯೊಸಯನೇಟಿನ ಕೆಂಪು ಹೊತ್ತು ಹೋದಂತೆ ಮಾಸುವುದರಿಂದ ತಡಮಾಡದೆ ಓದಬೇಕು. ಬೋರ್‌ವೆಲ್ ನೀರಿನ ಬಣ್ಣ 0.5ಕ್ಕಿಂತ ಗಾಢ, 1ಕ್ಕಿಂತ ತೆಳು ಎಂದು ಹೇಳುವುದಕ್ಕೆ ಪರಿಣತಿ ಬೇಡ. ಹತ್ತು ಜನ ನೋಡಿದರೆ ಹೆಚ್ಚುಕಡಿಮೆ ಹತ್ತು ಜನವೂ ಅದನ್ನೇ ಹೇಳುತ್ತಾರೆ. ಕಣ್ಣಿಗೆ ಇಷ್ಟೇ ಕೆಂಪು ಎಂದು ಒಂಟಿಯಾಗಿ ಹೇಳಲು ಬರದು, ಇವೆರಡರಲ್ಲಿ ಯಾವುದು ಹೆಚ್ಚು ಕೆಂಪು ಎಂಬುದರಲ್ಲಿ ಮಾತ್ರ ಅದು ಬಹಳ ಚುರುಕು.

ಕೆಂಪು ಹಸಿರು ಬೇರ್ಪಡಿಸಲಾರದ ಕಣ್ಣಿನವರು ಇರುತ್ತಾರೆ, ನಿಜ. ಆ ತೊಂದರೆ ಗಂಡಸರಲ್ಲೇ ಹೆಚ್ಚು, ಹೆಂಗಸರಲ್ಲಿ ತೀರ ಅಪರೂಪ. ಪರೀಕ್ಷೆಯನ್ನು ಹೆಣ್ಣುಮಕ್ಕಳ ಕೈಗೆ ಕೊಟ್ಟದ್ದು ಆ ಲೆಕ್ಕದಲ್ಲೂ ಒಳ್ಳೆಯದೇ ಆಯಿತು. ಅನುಮಾನವಿದ್ದರೆ ಪ್ರಮಾಣ ಹೇಳದೆ ಒಂದು ನಳಿಕೆ ಕೊಟ್ಟು ಓದಿಸಿ ನೋಡಿ. ಸರಿ ಓದಿದವರು ಪರೀಕ್ಷೆ ಮಾಡಲಿ.

ಆಕ್ಷೇಪ 2: “ಇದು ಸ್ಕೂಲ್ ಮಕ್ಕಳ ಆಟ. ನಿಜವಾದ ಲ್ಯಾಬಿನಲ್ಲಿ ಯಂತ್ರ ಹೇಳುತ್ತೆ.”

ಆ ಯಂತ್ರ ಏನು ಮಾಡುತ್ತದೆ ಎಂದು ಕೇಳಿದ್ದೀರಾ? ಕಬ್ಬಿಣ ಅಳೆಯಲು ಪ್ರಯೋಗಾಲಯಗಳಲ್ಲಿ ರೂಢಿಯಲ್ಲಿರುವ ಫಿನಾಂತ್ರೋಲಿನ್ ವಿಧಾನದಲ್ಲಿ ನೀರಿಗೆ ಮೊದಲು ಹೈಡ್ರಾಕ್ಸಿಲಮೀನ್ ಹಾಕಿ ಕಬ್ಬಿಣವನ್ನೆಲ್ಲ ಫೆರಸ್ ರೂಪಕ್ಕೆ ತರುತ್ತಾರೆ. ಫಿನಾಂತ್ರೋಲಿನ್ ಸೇರಿಸಿದಾಗ ಕಿತ್ತಳೆಗೆಂಪು ಬರುತ್ತದೆ. ಅದನ್ನು ಸ್ಪೆಕ್ಟ್ರೊಫೋಟೊಮೀಟರಿನಲ್ಲಿಟ್ಟು 510 ನ್ಯಾನೊಮೀಟರ್ ಬೆಳಕು ಎಷ್ಟು ಹೀರಲ್ಪಟ್ಟಿತು ಎಂದು ನೋಡುತ್ತಾರೆ. ಫ್ಲೋರೈಡಿಗೆ 1958ರಿಂದ ಬಳಕೆಯಲ್ಲಿರುವ ಸ್ಪಾಡ್ನ್ಸ್ ವಿಧಾನದಲ್ಲಿ ಜಿರ್ಕೋನಿಯಂ ಜೊತೆ ಸೇರಿದ ಕೆಂಪು ಬಣ್ಣ ಎಷ್ಟು ಕಳೆಗುಂದಿತು ಎಂದು 570 ನ್ಯಾನೊಮೀಟರಿನಲ್ಲಿ ನೋಡುತ್ತಾರೆ. ಎರಡೂ ಬಣ್ಣವೇ. ಯಂತ್ರ ಕಣ್ಣಿನ ಬದಲು ಫೋಟೊಸೆಲ್ ಇಟ್ಟಿದೆ, ಅಷ್ಟೇ. ಬುಗೇ 1729ರಲ್ಲಿ, ಲ್ಯಾಂಬರ್ಟ್ 1760ರಲ್ಲಿ, ಬಿಯರ್ 1852ರಲ್ಲಿ ಕಟ್ಟುತ್ತ ಬಂದ ನಿಯಮವೇ ಎರಡಕ್ಕೂ ಆಧಾರ: ಪದಾರ್ಥ ಹೆಚ್ಚಿದಷ್ಟೂ, ಬೆಳಕು ಹಾಯುವ ದಾರಿ ಉದ್ದವಾದಷ್ಟೂ ಹೀರಿಕೆ ಹೆಚ್ಚು. ಯಂತ್ರಕ್ಕೂ ಮೊದಲು ಗೊತ್ತಿರುವ ಪ್ರಮಾಣದ ದ್ರಾವಣಗಳನ್ನು ತೋರಿಸಿ ಗೆರೆ ಎಳೆದುಕೊಳ್ಳಲೇಬೇಕು. ಅದಿಲ್ಲದೆ ಪರದೆಯ ಮೇಲೆ ಬರುವ ಅಂಕಿಗೆ ಬೆಲೆಯಿಲ್ಲ.

ಹಳ್ಳಿಯ ನೀರಿಗೆ ಮಾತ್ರ ಇದು ಸೀಮಿತ ಎಂದೂ ತಿಳಿಯಬೇಡಿ. ಕೊರಟಗೆರೆಯಿಂದ ಆಚೆ ಹೋದರೆ ಸಿಗುವ ದೊಡ್ಡಬಳ್ಳಾಪುರ, ನಂದಿಬೆಟ್ಟದ ಸುತ್ತ ದ್ರಾಕ್ಷಿ ತೋಟಗಳಿವೆ, ವೈನ್ ತಯಾರಿಕೆ ಇದೆ. ರಾಜ್ಯ ಸರ್ಕಾರ 2007ರಲ್ಲಿ ವೈನ್ ನೀತಿಯನ್ನೇ ತಂದಿತು. ವೈನಿನಲ್ಲಿ ಕಬ್ಬಿಣ ಲೀಟರಿಗೆ ಸುಮಾರು 10 ಮಿಲಿಗ್ರಾಂ ದಾಟಿದರೆ ಗಾಳಿ ತಗುಲಿದಾಗ ಅದು ಕದಡುವ ಅಪಾಯವಿರುತ್ತದೆ. ಅದನ್ನು ಮೊದಲೇ ತಿಳಿಯಲು ಜಗತ್ತಿನ ವೈನ್ ಪ್ರಯೋಗಾಲಯಗಳು ದಶಕಗಳಿಂದ ಬಳಸಿರುವ ಸುಲಭ ವಿಧಾನಗಳಲ್ಲಿ ಇದೇ ಥಯೊಸಯನೇಟ್, ಇದೇ ಫಿನಾಂತ್ರೋಲಿನ್ ಇವೆ. ಕೆಂಪು ವೈನಿಗೆ ತನ್ನದೇ ಬಣ್ಣವಿದ್ದು ಅಡ್ಡ ಬರುತ್ತದೆ. ಅದಕ್ಕಾಗಿ ಸುಟ್ಟು ಬೂದಿ ಮಾಡುವುದೋ, ಮೂಲ ಬಣ್ಣವನ್ನು ಕಳೆಯುವುದೋ ಬೇಕು. ಅಷ್ಟು ತೊಡಕಿನ ದ್ರವದಲ್ಲಿ ನಡೆಯುವ ವಿಧಾನವನ್ನು ಬಣ್ಣವೇ ಇಲ್ಲದ ನೀರಿನಲ್ಲಿ ‘ಆಟ’ ಎನ್ನುವುದು ಹೇಗೆ?

ಯಂತ್ರಪಕ್ಷಪಾತಿಗಳು ಮರೆಯುವ ಇನ್ನೊಂದು ಸಂಗತಿಯಿದೆ. ಆಳದಿಂದ ಬಂದ ನೀರಿನಲ್ಲಿ ಕಬ್ಬಿಣ ಫೆರಸ್ ರೂಪದಲ್ಲಿ ಕರಗಿರುತ್ತದೆ. ಗಾಳಿ ತಗುಲಿದ ಮೇಲೆ ತುಕ್ಕಿನಂತಾಗಿ ಬಾಟಲಿಯ ತಳಕ್ಕೆ, ಗೋಡೆಗೆ ಅಂಟುತ್ತದೆ. ನೈಟ್ರಿಕ್ ಆಮ್ಲ ಹಾಕದೆ ಖಾಲಿ ಮಿನರಲ್ ವಾಟರ್ ಬಾಟಲಿಗೆ ತುಂಬಿ, ಬಸ್ಸಿನಲ್ಲಿಟ್ಟು, ನಾಲ್ಕು ದಿನ ಬಿಟ್ಟು ಲ್ಯಾಬಿಗೆ ಮುಟ್ಟಿಸಿದರೆ ಮೇಲಿನ ತಿಳಿನೀರಿನಲ್ಲಿ ಕಬ್ಬಿಣ ಕಡಿಮೆ ಬರುತ್ತದೆ. ಯಂತ್ರ ಸರಿಯಾಗಿಯೇ ಓದಿರುತ್ತದೆ. ಆದರೆ ಅದು ಓದಿದ್ದು ನಮ್ಮ ಬೋರಿನ ನೀರನ್ನಲ್ಲ, ಕಬ್ಬಿಣ ಕಳೆದುಕೊಂಡ ನೀರನ್ನು. ಕಬ್ಬಿಣದ ಮಟ್ಟಿಗೆ ಬೋರಿನ ಬುಡದಲ್ಲೇ ಮಾಡಿದ ಬಣ್ಣದ ಪರೀಕ್ಷೆ ಬೆಂಗಳೂರಿನ ವರದಿಗಿಂತ ನಿಜಕ್ಕೆ ಹತ್ತಿರವಿರಬಹುದು.

ಫ್ಲೋರೈಡಿನ ವಿಷಯ ಬೇರೆ. ಅದು ಪ್ಲಾಸ್ಟಿಕ್ ಬಾಟಲಿಯಲ್ಲಿ ಕೆಡದೆ ಉಳಿಯುತ್ತದೆ. ಬಣ್ಣವನ್ನೇ ನೋಡದ ಫ್ಲೋರೈಡ್ ಎಲೆಕ್ಟ್ರೋಡ್ ಎಂಬ ಸಾಧನ ಅದನ್ನು ಇನ್ನೂ ನಿಖರವಾಗಿ ಅಳೆಯುತ್ತದೆ. ಅನುಮಾನದ ಮಾದರಿಗಳು ಅಲ್ಲಿಗೇ ಹೋಗಲಿ. ಆದರೆ ಯಾವುದು ಅನುಮಾನದ ಮಾದರಿ ಎಂದು ಆರಿಸುವವರು ಯಾರು? ಅದೇ ಕಿಟ್ಟು.

ಆಕ್ಷೇಪ 3: “ನಮ್ಮ ಬೋರಿನ ನೀರು ಕನ್ನಡಿ ಹಾಗಿದೆ. ಕೆಂಪಗೆ ಬಂದರೆ ತಾನೆ ಪರೀಕ್ಷೆ?”

ಬೆಳ್ಳಗಿರುವುದೆಲ್ಲ ಹಾಲಲ್ಲ ಎಂಬ ಗಾದೆ ಹುಟ್ಟಿದ್ದು ಇಂಥ ಮಾತಿಗೇ. ಕಬ್ಬಿಣದ ನೀರು ಕೂಡ ನಲ್ಲಿಯಿಂದ ಬರುವಾಗ ತಿಳಿಯಾಗಿದ್ದು, ಬಿಂದಿಗೆಯಲ್ಲಿ ರಾತ್ರಿ ಕಳೆದ ಮೇಲೆ ಕೆಂಪಗಾಗಬಹುದು. ಆ ನೀರಿನಲ್ಲಿ ಟೀ ಕಾಸಿದರೆ ಡಿಕಾಕ್ಷನ್ ಕಪ್ಪಿಡುವುದನ್ನು ಅಡಿಗೆಮನೆಯಲ್ಲಿರುವವರು ಬಲ್ಲರು. ಟೀ ಸೊಪ್ಪಿನ ಟ್ಯಾನಿನ್ ಕಬ್ಬಿಣದ ಜೊತೆ ಸೇರಿ ಕೊಡುವ ಬಣ್ಣ ಅದು. ಅಳಲೆಕಾಯಿಗೆ ಕಬ್ಬಿಣ ಸೇರಿಸಿ ಹಿಂದೆ ಮಸಿ ಮಾಡುತ್ತಿದ್ದದ್ದೂ ಇದೇ ರಸಾಯನದಿಂದ. ಅಂದರೆ ಬಣ್ಣದಿಂದ ಕಬ್ಬಿಣ ಕಂಡುಹಿಡಿಯುವುದು ನಮ್ಮ ಮನೆಗಳಿಗೆ ಹೊಸದೇನಲ್ಲ. ಪ್ರಮಾಣ ಹೇಳುವುದು ಮಾತ್ರ ಹೊಸದು.

ಫ್ಲೋರೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ, ಕುಡಿಯುವ ನೀರಿನಲ್ಲಿರುವಷ್ಟು ಪ್ರಮಾಣದಲ್ಲಿ ರುಚಿಯೂ ಇಲ್ಲ. ಕಾಯಿಸಿದರೆ ಹೋಗುವುದೂ ಇಲ್ಲ. ನೀರು ಆವಿಯಾದಷ್ಟೂ ಉಳಿದ ನೀರಿನಲ್ಲಿ ಅದರ ಸಾಂದ್ರತೆ ಹೆಚ್ಚುತ್ತದೆ. ಮಧುಗಿರಿಯ ಬೆಟ್ಟದಿಂದ ಪಾವಗಡದ ಬೆಟ್ಟದವರೆಗೆ ಹಾಸಿರುವ ಗ್ರಾನೈಟ್ ಮತ್ತು ನೈಸ್ ಬಂಡೆಗಳಲ್ಲಿ ಬಯೊಟೈಟ್, ಅಪಟೈಟ್, ಫ್ಲೋರೈಟ್‌ನಂಥ ಖನಿಜಗಳಲ್ಲಿ ಫ್ಲೋರಿನ್ ಅಡಗಿದೆ. ಮಳೆ ಕಡಿಮೆ, ನೀರು ಬಿರುಕುಗಳಲ್ಲಿ ಬಹುಕಾಲ ನಿಲ್ಲುತ್ತದೆ. ಬೈಕಾರ್ಬೊನೇಟ್ ಮತ್ತು ಸೋಡಿಯಂ ಹೆಚ್ಚಿ, ಫ್ಲೋರೈಡನ್ನು ಹಿಡಿದು ಕೆಳಗಿಳಿಸಬಲ್ಲ ಕ್ಯಾಲ್ಸಿಯಂ ಕಡಿಮೆಯಾದಾಗ ಫ್ಲೋರೈಡ್ ನೀರಿಗೆ ಬಿಡುತ್ತದೆ. ತೆರೆದ ಬಾವಿ ಬತ್ತಿ ಬೋರು ಆಳಕ್ಕಿಳಿದಂತೆ ನಾವು ಹೆಚ್ಚು ಹೆಚ್ಚು ಹಳೆಯ ನೀರನ್ನು ಎತ್ತುತ್ತಿದ್ದೇವೆ. ಹೀಗಾಗಿಯೇ ತುಂಬ ತಿಳಿಯಾದ ಆಳದ ನೀರಿನ ಮೇಲೆ ಹೆಚ್ಚು ಅನುಮಾನ ಇಟ್ಟುಕೊಳ್ಳಬೇಕು.

ನಮ್ಮ ದೇಶದಲ್ಲಿ ಈ ಕಾಯಿಲೆ ವೈದ್ಯರ ಬರಹಕ್ಕೆ ಬಂದದ್ದು 1937ರಲ್ಲಿ, ಆಗಿನ ಮದ್ರಾಸ್ ಪ್ರಾಂತ್ಯದ ನೆಲ್ಲೂರು ಜಿಲ್ಲೆಯಿಂದ. ಪಾವಗಡಕ್ಕೆ ಮೂರು ಕಡೆ ನೆರೆಯಾಗಿರುವ ಆಂಧ್ರದ ಸೀಮೆಯಲ್ಲೂ ಇದೇ ಬಂಡೆ, ಇದೇ ಬರ. ಭಾರತೀಯ ಮಾನಕ ಐಎಸ್ 10500 ಪ್ರಕಾರ ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು. ಬೇರೆ ನೀರು ಇಲ್ಲವೇ ಇಲ್ಲ ಎಂದಾಗ 1.5ರವರೆಗೆ. ಹಲ್ಲಿನ ಎನಾಮೆಲ್ ರೂಪುಗೊಳ್ಳುವುದು ಮಗುವಿಗೆ ಸುಮಾರು ಎಂಟು ವರ್ಷ ತುಂಬುವುದರೊಳಗೆ. ಆ ವಯಸ್ಸಿನಲ್ಲಿ ಹೆಚ್ಚು ಫ್ಲೋರೈಡ್ ಒಳಹೋದರೆ ಮುಂದಿನ ಹಲ್ಲಿನ ಮೇಲೆ ಕಂದು ಪಟ್ಟೆ ಜೀವನಪೂರ್ತಿ ಉಳಿಯುತ್ತದೆ. ಇನ್ನೂ ಹೆಚ್ಚಿನ ಪ್ರಮಾಣ ವರ್ಷಗಟ್ಟಲೆ ಒಳಹೋದರೆ ಮೂಳೆ, ಕೀಲು, ಬೆನ್ನು ಬಿಗಿಯುತ್ತವೆ. ಹಲ್ಲಿನ ಕಲೆ ಕಂಡ ಮೇಲೆ ನೀರು ಪರೀಕ್ಷೆಗೆ ಹೊರಡುವುದು ಊರು ಕೊಳ್ಳೆಹೋದ ಮೇಲೆ ಕೋಟೆ ಬಾಗಿಲು ಹಾಕಿದಂತೆ.

ಆಕ್ಷೇಪ 4: “ನಮ್ಮ ನೀರಿನಲ್ಲಿ ನೂರೆಂಟು ಲವಣಗಳಿವೆ. ಅವು ಬಣ್ಣವನ್ನು ಕೆಡಿಸುತ್ತವೆ.”

ಎದುರಾಳಿಗಳ ಮಾತುಗಳಲ್ಲಿ ತೂಕವುಳ್ಳದ್ದು ಇದೇ. ಇದನ್ನು ಹೇಳುವವರು ರಸಾಯನಶಾಸ್ತ್ರ ಬಲ್ಲವರು, ಅವರಿಗೆ ರಸಾಯನಶಾಸ್ತ್ರದಲ್ಲೇ ಉತ್ತರ ಹೇಳಬೇಕು.

ಫ್ಲೋರೈಡ್ ಪರೀಕ್ಷೆಯಲ್ಲಿ ಜಿರ್ಕೋನಿಯಂ ಒಂದು ಬಣ್ಣದ ಕೈ ಹಿಡಿದಿರುತ್ತದೆ. ಫ್ಲೋರೈಡ್ ಬಂದರೆ ಜಿರ್ಕೋನಿಯಂ ಅದರ ಕಡೆ ಹೋಗುತ್ತದೆ. ಕಿಟ್ಟಿನ ಗುಲಾಬಿ ಹಳದಿಯ ಕಡೆ ತಿರುಗುತ್ತದೆ. ಹೀಗಿರುವಾಗ ಎರಡು ಬಗೆಯ ಅಡ್ಡಿ ಸಾಧ್ಯ. ನೀರಿನಲ್ಲಿ ಅಲ್ಯೂಮಿನಿಯಂ ಇದ್ದರೆ ಅದು ಫ್ಲೋರೈಡನ್ನು ಮೊದಲೇ ಹಿಡಿದಿಟ್ಟು ಅಳತೆ ಕಡಿಮೆ ಬರುವಂತೆ ಮಾಡುತ್ತದೆ. ಕ್ಷಾರತೆ ತೀರ ಹೆಚ್ಚಿದ್ದರೂ ಕಡಿಮೆಯೇ ಬರುತ್ತದೆ. ಇನ್ನೊಂದು ಕಡೆ ಕ್ಲೋರಿನ್ ಬಣ್ಣವನ್ನೇ ಬಿಳಿಚಿಸಿ ಇಲ್ಲದ ಫ್ಲೋರೈಡನ್ನು ತೋರಿಸುತ್ತದೆ. ಫಾಸ್ಫೇಟ್, ಸಲ್ಫೇಟ್ ಅತಿಯಾದರೂ ಅಳತೆ ಏರುತ್ತದೆ. ಕಬ್ಬಿಣದ ಥಯೊಸಯನೇಟ್ ಪರೀಕ್ಷೆಗೂ ನಮ್ಮಲ್ಲೊಂದು ವಿಶೇಷ ತೊಡಕಿದೆ. ಫೆರಿಕ್ ಕಬ್ಬಿಣವನ್ನು ಹಿಡಿದಿಟ್ಟು ಕೆಂಪನ್ನು ಕುಂದಿಸುವ ಗುಣ ಫ್ಲೋರೈಡಿಗಿದೆ. ಎರಡೂ ಇರುವ ನೀರಿಗೆ ಫಿನಾಂತ್ರೋಲಿನ್ ವಿಧಾನವೇ ವಾಸಿ.

ಇಷ್ಟೆಲ್ಲ ಇರುವಾಗ ಪರೀಕ್ಷೆಯನ್ನು ಬಿಟ್ಟುಬಿಡಬೇಕೇ? ಬೇಡ. ಯಾವ ಅಡ್ಡಿ ಎತ್ತ ಎಳೆಯುತ್ತದೆ ಎಂಬುದು ಗೊತ್ತಿರುವಾಗ ಅದನ್ನು ತಪ್ಪಿಸುವ ದಾರಿಯೂ ಗೊತ್ತಿರುತ್ತದೆ. ನೀರುಗಂಟಿ ಓವರ್‌ಹೆಡ್ ಟ್ಯಾಂಕಿಗೆ ಬ್ಲೀಚಿಂಗ್ ಪೌಡರ್ ಹಾಕಿದ ದಿನ ಟ್ಯಾಂಕಿನ ನೀರು ಹಿಡಿಯಬೇಡಿ, ಬೋರಿನ ಪೈಪಿನಿಂದಲೇ ನೇರ ಹಿಡಿಯಿರಿ. ಮೋಟರ್ ಹಾಕಿದ ಕೂಡಲೇ ಬರುವ ನೀರಿನಲ್ಲಿ ಕಬ್ಬಿಣದ ಪೈಪಿನ ತುಕ್ಕು ಸೇರಿರುತ್ತದೆ, ಸ್ವಲ್ಪ ಹೊತ್ತು ಹರಿಯಬಿಡಿ. ಆಲಂ ಹಾಕಿ ಫ್ಲೋರೈಡ್ ತೆಗೆಯುವ ನಲ್ಗೊಂಡ ವಿಧಾನದ ನೀರಿಗೆ ಅಲ್ಯೂಮಿನಿಯಂ ಅಡ್ಡಿ ಇರಬಹುದು. ಅದನ್ನು ಕಿಟ್ಟಿನಲ್ಲಿ ನೋಡಿ ‘ಸರಿಯಾಗಿದೆ’ ಎನ್ನದೆ ಲ್ಯಾಬಿಗೆ ಕಳಿಸಿ.

ಇದೆಲ್ಲಕ್ಕಿಂತ ಗಟ್ಟಿಯಾದ ಉಪಾಯವೊಂದಿದೆ. 0.221 ಗ್ರಾಂ ಸೋಡಿಯಂ ಫ್ಲೋರೈಡನ್ನು ಒಂದು ಲೀಟರ್ ಭಟ್ಟಿ ಇಳಿಸಿದ ನೀರಿನಲ್ಲಿ ಕರಗಿಸಿದರೆ 100 ಮಿಲಿಗ್ರಾಂ ಫ್ಲೋರೈಡಿನ ದ್ರಾವಣ. ವಿಷಪದಾರ್ಥವಾದ್ದರಿಂದ ಉಪನ್ಯಾಸಕರೇ ಇದನ್ನು ತೂಗಿ, ಪ್ಲಾಸ್ಟಿಕ್ ಬಾಟಲಿಯಲ್ಲಿ ಚೀಟಿ ಅಂಟಿಸಿ ಬೀಗದೊಳಗಿಡಬೇಕು. ನಮ್ಮ ಬೋರಿನ 100 ಮಿಲಿಲೀಟರ್ ನೀರಿಗೆ ಇದರಲ್ಲಿ ಒಂದೇ ಮಿಲಿಲೀಟರ್ ಬೆರೆಸಿ. ಆ ನೀರಿನ ಫ್ಲೋರೈಡ್ ಈಗ ಹೆಚ್ಚುಕಡಿಮೆ 1 ಮಿಲಿಗ್ರಾಂ ಏರಿರಬೇಕು. ಮೊದಲು 1 ಎಂದು ಓದಿದ್ದರೆ ಈಗ 2 ಓದಬೇಕು. ಓದಿದರೆ ಈ ನೀರಿನಲ್ಲಿ ಪರೀಕ್ಷೆ ನಡೆಯುತ್ತದೆ ಎಂದರ್ಥ. 1.5 ಮಾತ್ರ ಬಂದರೆ ಏನೋ ಫ್ಲೋರೈಡನ್ನು ಹಿಡಿದಿಟ್ಟಿದೆ, ಮೊದಲ ಅಳತೆಯೂ ಕಡಿಮೆ ಬಂದಿದೆ, ಮಾದರಿ ಲ್ಯಾಬಿಗೆ ಹೋಗಲಿ. ದೊಡ್ಡ ಪ್ರಯೋಗಾಲಯಗಳೂ ತಮ್ಮ ಅಳತೆಯನ್ನು ಹೀಗೆಯೇ ಒರೆಗೆ ಹಚ್ಚುತ್ತವೆ. ಆಕ್ಷೇಪ ಎತ್ತುವ ಉಪನ್ಯಾಸಕ ಮಿತ್ರರಲ್ಲಿ ಕೇಳುವುದು ಇಷ್ಟೇ: ಅಡ್ಡಿಗಳ ಪಟ್ಟಿ ಓದಿ ಹೇಳುವ ಬದಲು, ನಿಮ್ಮ ಊರಿನ ನೀರಿನಲ್ಲಿ ಒಮ್ಮೆ ಇದನ್ನು ಮಾಡಿ ನೋಡಿ.

ಆಕ್ಷೇಪ 5: “ಈಗ ಊರೂರಿಗೆ ಫಿಲ್ಟರ್ ನೀರು ಬಂದಿದೆ. ಬೋರಿನ ನೀರು ಹೇಗಿದ್ದರೆ ನಮಗೇನು?”

ಶುದ್ಧ ಕುಡಿಯುವ ನೀರಿನ ಘಟಕಗಳು ಬಂದದ್ದು ಒಳ್ಳೆಯದೇ. ಕಾಯಿನ್ ಹಾಕಿ ಕ್ಯಾನ್ ತುಂಬಿಸಿಕೊಳ್ಳುವುದು ಈಗ ಮಾಮೂಲು. ಆದರೆ ಕ್ಯಾನಿನ ನೀರು ಕುಡಿಯುವುದಕ್ಕೆ, ಅಡಿಗೆಗೆ ಎಷ್ಟು ಮನೆಗಳಲ್ಲಿ ಅದೇ ನೀರು? ಮುದ್ದೆಯ ಎಸರು, ಅನ್ನ, ಸಾರು, ಹುರುಳಿ ಬೇಯಿಸುವ ನೀರು ನಲ್ಲಿಯದೇ. ಮುದ್ದೆ ಕುಡಿದ ಎಸರಿನೊಡನೆ ಫ್ಲೋರೈಡೂ ತಟ್ಟೆಗೆ ಬರುತ್ತದೆ. ಅಂಗನವಾಡಿ ಮತ್ತು ಶಾಲೆಯ ಬಿಸಿಯೂಟದ ಪಾತ್ರೆಗೆ ಯಾವ ನೀರು ಬೀಳುತ್ತಿದೆ ಎಂಬುದು ಎಲ್ಲಕ್ಕಿಂತ ಮುಖ್ಯ, ಹಲ್ಲು ರೂಪುಗೊಳ್ಳುವ ವಯಸ್ಸಿನ ಮಕ್ಕಳು ಉಣ್ಣುವುದು ಅಲ್ಲಿ.

ಇನ್ನು ಘಟಕದ ಮಾತು. ಆರ್‌ಒ ಪೊರೆ ಶಾಶ್ವತವಲ್ಲ. ಸವೆದರೆ, ಹರಿದರೆ, ಕಾಲಕ್ಕೆ ಬದಲಿಸದಿದ್ದರೆ ಲವಣ ನುಸುಳುತ್ತದೆ. ‘ಟಿಡಿಎಸ್ ಪೆನ್ನಿನಲ್ಲಿ ನೋಡಿದ್ದೇವೆ, ಸರಿಯಿದೆ’ ಎನ್ನುವವರಿದ್ದಾರೆ. ಆ ಪೆನ್ನು ನೋಡುವುದು ನೀರಿನ ವಿದ್ಯುತ್ ವಾಹಕತೆಯನ್ನು. ಅದರಿಂದ ಒಟ್ಟು ಲವಣದ ಅಂದಾಜು ಸಿಗುತ್ತದೆಯೇ ಹೊರತು ಫ್ಲೋರೈಡ್ ಎಷ್ಟು ಎಂದಲ್ಲ. ಲೀಟರಿಗೆ ನೂರಾರು ಮಿಲಿಗ್ರಾಂ ಲವಣದ ನಡುವೆ ಎರಡು ಮಿಲಿಗ್ರಾಂ ಫ್ಲೋರೈಡ್ ಆ ಪೆನ್ನಿಗೆ ಕಾಣುವುದೇ ಇಲ್ಲ. ಘಟಕದ ನಲ್ಲಿಯ ನೀರನ್ನೂ ಬಣ್ಣದ ಕಿಟ್ಟಿನಲ್ಲಿ ಆಗಾಗ ನೋಡುವುದೊಂದೇ ಊರಿನ ಕೈಯಲ್ಲಿರುವ ಕಾವಲು. ಫಿಲ್ಟರ್ ಬಂದ ಮೇಲೆ ಪರೀಕ್ಷೆಯ ಕೆಲಸ ಮುಗಿಯಲಿಲ್ಲ, ಎರಡು ಕಡೆ ಮಾಡುವಂತಾಯಿತು.

ಆಕ್ಷೇಪ 6: “ಅಳೆದು ಏನು ಮಾಡೋಣ? ಬೇರೆ ನೀರಿಲ್ಲ. ಜನ ಸುಮ್ಮನೆ ಗಾಬರಿಯಾಗುತ್ತಾರೆ.”

ಕಿಟ್ಟು ಹೇಳುವುದು ‘ಇದೆ’, ‘ಇಲ್ಲ’ ಎಂದಷ್ಟೇ ಆಗಿದ್ದರೆ ಈ ಮಾತಿಗೆ ಅರ್ಥವಿರುತ್ತಿತ್ತು. ಅದು ಎಷ್ಟು ಎಂದು ಹೇಳುತ್ತದೆ. ಬಂಡೆಯ ಬಿರುಕುಗಳು ಬೇರೆ ಬೇರೆಯಾದ್ದರಿಂದ ಒಂದೇ ಊರಿನ ಎರಡು ಬೋರುಗಳ ಫ್ಲೋರೈಡ್ ಒಂದೇ ಆಗಿರಬೇಕಿಲ್ಲ. ಒಂದರಲ್ಲಿ 3 ಮಿಲಿಗ್ರಾಂ, ಇನ್ನೊಂದರಲ್ಲಿ 0.6 ಎಂದುಕೊಳ್ಳಿ. ಕಡಿಮೆ ಇರುವುದನ್ನು ಕುಡಿಯುವ ನೀರಿಗೆ ಮೀಸಲಿಟ್ಟು ಹೆಚ್ಚಿರುವುದನ್ನು ದನಕರುಗಳಿಗೂ ಬಿಡದೆ, ಬಟ್ಟೆಬರೆ ಒಗೆಯಲು ಬಿಡಬಹುದು. ಅದೂ ಸಾಲದಿದ್ದರೆ 3 ಮಿಲಿಗ್ರಾಂನ ನೀರು ಒಂದು ಪಾಲು, 0.6ರ ನೀರು ಮೂರು ಪಾಲು ಟ್ಯಾಂಕಿಗೆ ಬಿಟ್ಟರೆ ಬೆರೆತ ನೀರು 1.2 ಆಗುತ್ತದೆ, ಮೇಲಿನ ಮಿತಿಯೊಳಗೆ. ಈ ಲೆಕ್ಕ ನೀರುಗಂಟಿಗೂ ಬರುತ್ತದೆ. ಆದರೆ ಅಳತೆಯೇ ಇಲ್ಲದಿದ್ದರೆ ಯಾವ ವಾಲ್ವು ತಿರುಗಿಸಬೇಕು ಎಂದು ಅವನಿಗೆ ತಿಳಿಯುವುದು ಹೇಗೆ?

ಚಾವಣಿಯ ಮಳೆನೀರಿನಲ್ಲಿ ಬಂಡೆಯ ಫ್ಲೋರೈಡಿನ ತಂಟೆಯಿಲ್ಲ. ಪಾವಗಡಕ್ಕೆ ತುಂಗಭದ್ರಾ ಹಿನ್ನೀರಿನ ಬಹುಗ್ರಾಮ ಯೋಜನೆಯ ನೀರಿದೆ, ಶಿರಾಕ್ಕೆ ಹೇಮಾವತಿಯಿದೆ. ನದಿಯ ನೀರು ಯಾವ ಊರಿಗೆ ಮೊದಲು, ಯಾವ ಬೀದಿಗೆ ಮೊದಲು ಎಂಬ ಪ್ರಶ್ನೆ ಬಂದಾಗ ಕೈಯಲ್ಲಿ ವರ್ಷವೊಪ್ಪತ್ತಿನ ಅಳತೆಯ ಪುಸ್ತಕ ಹಿಡಿದ ಊರಿನ ಮಾತಿಗೆ ತೂಕವಿರುತ್ತದೆ. ಗಾಬರಿ ಎನ್ನುತ್ತೀರಿ. ನಮ್ಮ ಜನ ಬರ ಕಂಡವರು, ಒಂದು ಅಂಕಿಗೆ ಹೆದರಿ ಓಡುವವರಲ್ಲ. ಮಕ್ಕಳ ಹಲ್ಲು ಕಂದಾಗುವುದಕ್ಕೆ ಕಾರಣ ಹೇಳದೆ ಮುಚ್ಚಿಟ್ಟಾಗ ಹುಟ್ಟುವ ಅನುಮಾನ ಗಾಬರಿಗಿಂತ ಕೆಟ್ಟದ್ದು.

ಎದುರಾಳಿಗಳು ಎಲ್ಲೂ ಸರಿಯಿಲ್ಲ ಎಂದು ನಾನು ಹೇಳುವುದಿಲ್ಲ. ಅವಧಿ ಮುಗಿದ ರಾಸಾಯನಿಕ, ಬಿಸಿಲಿಗೆ ಮಾಸಿದ ಬಣ್ಣದ ಚಾರ್ಟು, ನಳಿಕೆ ತೊಳೆಯದ ಅವಸರ, ಪರೀಕ್ಷೆಯೇ ಮಾಡದೆ ರಿಜಿಸ್ಟರಿನಲ್ಲಿ ತುಂಬಿದ ಅಂಕಿ, ಇವೆಲ್ಲ ನಡೆಯಬಹುದಾದ ತಪ್ಪುಗಳು. ಆದರೆ ಇವು ಮಾಡುವವರ ಕ್ರಮದ ದೋಷ, ವಿಧಾನದ ದೋಷವಲ್ಲ. ಕುಣಿಯಲಾರದವಳು ನೆಲ ಡೊಂಕು ಎಂದಂತೆ, ಕಿಟ್ಟು ಸರಿಯಾಗಿ ಬಳಸದೆ ಕಿಟ್ಟನ್ನೇ ದೂರಿದರೆ ಪ್ರಯೋಜನವಿಲ್ಲ.

ಆಗಬೇಕಾದದ್ದು ದೊಡ್ಡ ಕೆಲಸವೇನಲ್ಲ. ಶಿರಾ, ಮಧುಗಿರಿ, ಕೊರಟಗೆರೆ, ಪಾವಗಡ ಒಂದೇ ಮಧುಗಿರಿ ಶೈಕ್ಷಣಿಕ ಜಿಲ್ಲೆಗೆ ಸೇರಿವೆ. ಪ್ರತಿ ಹೋಬಳಿಯ ಒಂದು ಪ್ರೌಢಶಾಲೆ ಅಥವಾ ಪದವಿಪೂರ್ವ ಕಾಲೇಜು ಕಬ್ಬಿಣಕ್ಕೊಂದು, ಫ್ಲೋರೈಡಿಗೊಂದು ಗೊತ್ತಿರುವ ಪ್ರಮಾಣದ ದ್ರಾವಣ ತಯಾರಿಸಿ ಸುತ್ತಲಿನ ಪಂಚಾಯಿತಿಗಳಿಗೆ ಕೊಡಲಿ. ಪರೀಕ್ಷೆ ಮಾಡುವ ಹೆಣ್ಣುಮಕ್ಕಳು ಪ್ರತಿ ಸಲವೂ ಮೊದಲು ಆ ದ್ರಾವಣವನ್ನು, ಆಮೇಲೆ ಊರಿನ ನೀರನ್ನು ನೋಡಲಿ. ಬೇಸಿಗೆಯಲ್ಲೊಮ್ಮೆ, ಮಳೆಗಾಲ ಮುಗಿದ ಮೇಲೊಮ್ಮೆ ಪ್ರತಿ ಬೋರಿನ ಅಳತೆಯಾಗಲಿ. ಫ್ಲೋರೈಡ್ 1 ಮುಟ್ಟಿದ ಪ್ರತಿ ಮಾದರಿಯೂ ತಾಲ್ಲೂಕು ಪ್ರಯೋಗಾಲಯಕ್ಕೆ ಹೋಗಲಿ. ಅಂಕಿ, ದಿನಾಂಕ, ಬೋರಿನ ಗುರುತು ಮೂರನ್ನೂ ಪಂಚಾಯಿತಿ ಗೋಡೆಯ ಮೇಲೆ ಬರೆಯಲಿ.

ಗೌಡಗೆರೆ ಹೋಬಳಿಯ ಓದುಗರಲ್ಲಿ ಒಂದೇ ಮಾತು. ಮುಂದಿನ ಗ್ರಾಮಸಭೆಗೆ ಹೋದಾಗ ‘ನಮ್ಮ ಊರಿನ ಬೋರಿನ ಫ್ಲೋರೈಡ್ ಎಷ್ಟು, ಯಾವತ್ತು ನೋಡಿದ್ದು, ಪಕ್ಕದಲ್ಲಿ ಹೋಲಿಕೆಗೆ ಏನಿಟ್ಟಿದ್ದಿರಿ’ ಎಂದು ಮೂರು ಪ್ರಶ್ನೆ ಕೇಳಿ. ಉತ್ತರ ಬರೆದುಕೊಳ್ಳಿ. ಉತ್ತರ ಬರದಿದ್ದರೆ ಬೀರು ತೆಗೆಸಿ, ಕಿಟ್ಟು ಹೊರಗಿಡಿಸಿ, ಸಭೆಯ ಎದುರಿನಲ್ಲೇ ಪರೀಕ್ಷೆ ಮಾಡಿಸಿ.